ಇದರ ಹೊಗೆ ಎಲ್ಲಿಗೆ ಹೋಗುತ್ತದೆ? ಕ್ಯಾಂಪರ್‌ವ್ಯಾನ್‌ಗೆ ಹೀಟರ್ ಆಯ್ದುಕೊಳ್ಳುವ ಮುನ್ನ

ಕೊಡಗು, ಬಾಬಾಬುಡನ್‌ಗಿರಿ, ಕುದುರೆಮುಖದ ಕಡೆಗಷ್ಟೇ ವ್ಯಾನ್ ಓಡಿಸುವವರಿಗೆ ಹೀಟರ್ ಬೇಡ. ಡಿಸೆಂಬರ್ ರಾತ್ರಿಯಲ್ಲೂ ಅಲ್ಲಿ ಒಂದು ಚಳ್ಳಕೆರೆ ಕಂಬಳಿ, ಕಿವಿ ಮುಚ್ಚುವ ಟೋಪಿ, ಮಲಗುವ ಮೊದಲು ಒಂದು ಲೋಟ ಕಷಾಯ ಇದ್ದರೆ ಬೆಳಗಾಗುತ್ತದೆ. ಊಟಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಜನವರಿಯ ಕೆಲವು ಬೆಳಗುಗಳನ್ನು ಬಿಟ್ಟರೆ ದಕ್ಷಿಣದ ಬೆಟ್ಟಗಳಲ್ಲಿ ಹೀಟರಿಗೆ ಹಾಕಿದ ದುಡ್ಡು ದಂಡ. ಈ ಬರಹ ಇರುವುದು ಫೋರ್ಸ್ ಟ್ರಾವೆಲರನ್ನೋ ಟಾಟಾ ವಿಂಗರನ್ನೋ ಮನೆ ಮಾಡಿಕೊಂಡು, ಉತ್ತರಕ್ಕೆ ಮುಖ ಮಾಡಿ, ಅಕ್ಟೋಬರ್ ಕಳೆದ ಮೇಲೂ ಹಿಮಾಚಲದ ಸ್ಪಿತಿಯಲ್ಲಿ, ಲಡಾಖ್‌ನಲ್ಲಿ ವ್ಯಾನಿನೊಳಗೇ ಮಲಗಬೇಕೆಂಬ ಹಂಬಲ ಉಳ್ಳವರಿಗೆ.

ನಾವೂ ಆ ಪಂಗಡದವರೇ. ಹಳೆಯ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ, ಒಲೆ, ನೀರಿನ ತೊಟ್ಟಿ ಎಲ್ಲ ಕೂರಿಸಿ ಆದ ಮೇಲೆ ಹೀಟರಿನ ನೆನಪಾಯಿತು. ಹೋಗುವ ದಾರಿಯಲ್ಲಿ ಕೊಂಡರಾಯಿತು ಎಂದು ಚಂಡೀಗಢದ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವನು ಬೆನ್ನಿಗೆ ಸಿಲಿಂಡರ್ ಹೊತ್ತ ಗ್ಯಾಸ್ ಹೀಟರನ್ನು ಹೊತ್ತಿಸಿ ತೋರಿಸಿದ. ಜಾಲರಿ ಕೆಂಡದಂತೆ ಕೆಂಪಾಯಿತು, ಐದು ನಿಮಿಷದಲ್ಲಿ ಅಂಗಡಿ ಬೆಚ್ಚಗಾಯಿತು, ನಾನು ಪರ್ಸ್ ತೆಗೆದೆ. ಸೌದೆ ಒಲೆಯ ಮುಂದೆ ಬೆಳೆದ ನನ್ನ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ಇದರ ಹೊಗೆ ಎಲ್ಲಿಗೆ ಹೋಗುತ್ತದೆ?" ಹೊಗೆಯೇ ಬರುವುದಿಲ್ಲ ಎಂದ ಆತ. "ಉರಿ ಇದ್ದ ಮೇಲೆ ಹೊಗೆ ಇಲ್ಲದೆ ಇರುತ್ತದೆಯೇ?" ಎಂದು ಅವಳು ನನ್ನ ಕಡೆ ತಿರುಗಿದಳು. ಪರ್ಸ್ ಜೇಬಿಗೆ ಮರಳಿತು.

ಆಮೇಲೆ ಓದಿದ್ದು, ಕಂಡದ್ದು, ಕೈ ಮಸಿ ಮಾಡಿಕೊಂಡು ಕಲಿತದ್ದು ಎಲ್ಲವನ್ನೂ ಸೇರಿಸಿ ನೋಡಿದರೆ, ಹೀಟರ್ ಆರಿಸಲು ಆ ಪ್ರಶ್ನೆಯನ್ನು ಮೀರಿದ ಅಳತೆಗೋಲು ನನಗೆ ಸಿಕ್ಕಿಲ್ಲ. ಅದಕ್ಕೆ ಇನ್ನರ್ಧ ಸೇರಿಸಬಹುದು: ಉರಿಯಲು ಬೇಕಾದ ಗಾಳಿಯನ್ನು ಅದು ಎಲ್ಲಿಂದ ಎಳೆದುಕೊಳ್ಳುತ್ತದೆ? ಎರಡಕ್ಕೂ "ವ್ಯಾನಿನ ಹೊರಗಿಂದ, ವ್ಯಾನಿನ ಹೊರಗೆ" ಎಂಬ ಉತ್ತರ ಬಂದರೆ ಮಾತ್ರ ಬೆಲೆ, ಬ್ರಾಂಡ್, ವ್ಯಾಟ್‌ಗಳ ಮಾತು.

ಕೆಂಪು ಜಾಲರಿಯ ಹೀಟರ್ ಯಾಕೆ ಬೇಡ

2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗಿರಿಧಾಮದಲ್ಲಿ ಕೇರಳದ ಎಂಟು ಪ್ರವಾಸಿಗರು ಒಂದೇ ಕೋಣೆಯಲ್ಲಿ ಪ್ರಾಣ ಬಿಟ್ಟರು. ಅವರಲ್ಲಿ ನಾಲ್ವರು ಮಕ್ಕಳು. ಚಳಿಗೆ ಗ್ಯಾಸ್ ಹೀಟರ್ ಹಚ್ಚಿಕೊಂಡು, ಬಾಗಿಲು ಕಿಟಕಿ ಭದ್ರಪಡಿಸಿ ಮಲಗಿದ್ದರು. ಅದು ಕಟ್ಟಡದ ಕೋಣೆ. ಟ್ರಾವೆಲರಿನ ಒಳಗಿನ ಗಾಳಿ ಹೆಚ್ಚೆಂದರೆ ಹದಿನೈದು, ಹದಿನೇಳು ಘನ ಮೀಟರ್, ಅಂದರೆ ಒಂದು ಸಣ್ಣ ಮಲಗುವ ಕೋಣೆಯ ಅರ್ಧದಷ್ಟು.

ಬಾಯಿ ತೆರೆದ ಉರಿ ನಮ್ಮ ಪಾಲಿನ ಆಮ್ಲಜನಕವನ್ನೇ ತಿನ್ನುತ್ತದೆ. ಆಮ್ಲಜನಕ ಇಳಿದಂತೆ ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುವುದರಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಚುರುಕು. ಇದ್ದಿಲ ಅಗ್ಗಿಷ್ಟಿಕೆಯನ್ನು ಒಳಗೆ ಇಟ್ಟುಕೊಂಡು ಮಲಗಿ ಏಳದೇ ಹೋದವರ ಸುದ್ದಿ ಉತ್ತರ ಭಾರತದ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲವೂ ಬರುತ್ತದೆ. ಕೆಂಡವಾಗಲಿ, ಗ್ಯಾಸಾಗಲಿ, ಸೀಮೆಎಣ್ಣೆಯ ಸ್ಟೌ ಆಗಲಿ, ಕಾರಣ ಒಂದೇ.

ಎತ್ತರದ ಊರುಗಳಲ್ಲಿ ಇದಕ್ಕೆ ಇನ್ನೊಂದು ಕುತ್ತು ಸೇರಿಕೊಳ್ಳುತ್ತದೆ. ಕಾರ್ಬನ್ ಮಾನಾಕ್ಸೈಡ್ ಏರತೊಡಗಿದರೆ ತಲೆನೋವು, ಓಕರಿಕೆ, ಸುಸ್ತು, ತಲೆಸುತ್ತು. ಲೇಹ್ ತಲುಪಿದ ಮೊದಲ ರಾತ್ರಿ ಎತ್ತರಕ್ಕೆ ಒಗ್ಗದ ದೇಹ ತೋರಿಸುವುದೂ ಇವನ್ನೇ. "ಹೈಟ್ ಹತ್ತಿದೆ, ನಾಳೆ ಸರಿಹೋಗುತ್ತದೆ" ಎಂದುಕೊಂಡು ಮಾತ್ರೆ ನುಂಗಿ ಹೀಟರನ್ನು ಇನ್ನಷ್ಟು ಏರಿಸಿ ಮಲಗುವವನಿಗೆ ಎಚ್ಚರಿಕೆ ಕೊಡಬೇಕಾದ ತಲೆನೋವೇ ಅವನನ್ನು ದಾರಿ ತಪ್ಪಿಸುತ್ತದೆ.

ಕೆಲವು ಹೀಟರುಗಳಲ್ಲಿ ಆಮ್ಲಜನಕ ಕಡಿಮೆಯಾದರೆ ತಾನೇ ಆರಿಹೋಗುವ ವ್ಯವಸ್ಥೆ ಇದೆ ಎಂದು ಮಾರುವವರು ಹೇಳುತ್ತಾರೆ. ಇದೆ, ನಿಜ. ಆದರೆ ಅದು ಕಾರ್ಬನ್ ಮಾನಾಕ್ಸೈಡನ್ನು ಅಳೆಯುವ ಸಾಧನವಲ್ಲ. ಅಮೆರಿಕದಲ್ಲಿ ಹೆಸರುವಾಸಿಯಾದ ಮಿಸ್ಟರ್ ಹೀಟರ್ ಬಡ್ಡಿಯಂಥವು ಸುಮಾರು 7,000 ಅಡಿ ದಾಟಿದ ಮೇಲೆ ಆ ವ್ಯವಸ್ಥೆಯಿಂದಾಗಿಯೇ ಆರಿಹೋಗಬಹುದೆಂದು ತಯಾರಕರೇ ತಿಳಿಸುತ್ತಾರೆ. ಲೇಹ್ ಇರುವುದು ಹನ್ನೊಂದೂವರೆ ಸಾವಿರ ಅಡಿಯಲ್ಲಿ. ಅಪಾಯ ಒಂದು ಕಡೆಗಿರಲಿ, ಬೇಕಾದ ಜಾಗದಲ್ಲಿ ಅದು ಉರಿಯುವುದೇ ಅನುಮಾನ. ಮೇಲಾಗಿ ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಅಷ್ಟೂ ವ್ಯಾನಿನ ತಗಡಿನ ಮೇಲೆ ನೀರಾಗಿ ಇಳಿದು, ಬೆಳಗ್ಗೆ ಹಾಸಿಗೆಯ ಅಂಚು ಹಿಂಡುವಂತಾಗಿರುತ್ತದೆ.

ಮೊದಲು ತಗಡಿಗೆ ಹೊದಿಕೆ

ಎಷ್ಟು ಕಿಲೋವ್ಯಾಟಿನ ಹೀಟರ್ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಉತ್ತರ ಹೀಟರಿನಲ್ಲಿಲ್ಲ, ವ್ಯಾನಿನ ಗೋಡೆಯಲ್ಲಿದೆ. ಲೆಕ್ಕ ಕಷ್ಟವಲ್ಲ. ಒಳಗೆ ಐದು ಮೀಟರ್ ಉದ್ದ, 1.8 ಮೀಟರ್ ಅಗಲ, 1.9 ಮೀಟರ್ ಎತ್ತರವಿರುವ ವ್ಯಾನಿನ ಗೋಡೆ, ನೆಲ, ಚಾವಣಿ ಎಲ್ಲ ಸೇರಿ ಸುಮಾರು 44 ಚದರ ಮೀಟರ್. ಬರಿಯ ತಗಡಾದರೆ ಒಳಗೂ ಹೊರಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಿಂದ ಐದೂವರೆ ವ್ಯಾಟ್‌ನಷ್ಟು ಶಾಖ ಸೋರಿಹೋಗುತ್ತದೆ. ಹೊರಗೆ ಮೈನಸ್ 15, ಒಳಗೆ 15 ಡಿಗ್ರಿ ಬೇಕೆಂದರೆ ವ್ಯತ್ಯಾಸ 30. ಗುಣಿಸಿ ನೋಡಿ: ಏಳು ಕಿಲೋವ್ಯಾಟ್ ದಾಟುತ್ತದೆ. ಅದೇ ತಗಡಿಗೆ ಒಳಗಿನಿಂದ ಇಂಚು ದಪ್ಪದ ಒಳ್ಳೆಯ ಫೋಮ್ ಹೊದಿಸಿ, ಕಿಟಕಿಗಳಿಗೆ ಮಡಚುವ ದಪ್ಪ ಪರದೆ ಮಾಡಿಸಿದರೆ ಸೋರಿಕೆ ಒಂದೂವರೆ ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಆಗ ಬೇಕಾಗುವುದು ಎರಡು ಕಿಲೋವ್ಯಾಟ್ ಮಾತ್ರ.

ಅಂದರೆ ಫೋಮಿಗೆ ಹಾಕಿದ ದುಡ್ಡು ಹೀಟರಿನ ಗಾತ್ರವನ್ನು ಮೂರೂವರೆ ಪಟ್ಟು ಇಳಿಸುತ್ತದೆ, ಪ್ರತಿ ರಾತ್ರಿಯ ಇಂಧನವನ್ನೂ ಇಳಿಸುತ್ತದೆ, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ನಿಲ್ಲಿಸಿದರೆ ಬಿಸಿಲನ್ನೂ ತಡೆಯುತ್ತದೆ. ನಾವು ಇದನ್ನು ತಿರುವುಮುರುವು ಮಾಡಿದೆವು. ಮೊದಲು ಮರದ ಹಲಗೆಯ ಅಂದದ ಒಳಗೋಡೆ, ಆಮೇಲೆ ಹೀಟರ್, ಕೊನೆಗೆ ಹಲಗೆಗಳನ್ನೆಲ್ಲ ಬಿಚ್ಚಿ ಫೋಮ್. ಬಡಗಿ ಎರಡು ಸಲ ಕೂಲಿ ತೆಗೆದುಕೊಂಡ, ಅವನದೇನೂ ತಪ್ಪಿಲ್ಲ.

ಡೀಸೆಲ್ ಹೀಟರ್

ನಮ್ಮ ವ್ಯಾನ್‌ಗಳು ಹೆಚ್ಚಾಗಿ ಡೀಸೆಲ್ ಗಾಡಿಗಳೇ ಆದ್ದರಿಂದ ಮೊದಲ ಸ್ಥಾನ ಇದಕ್ಕೆ. ಇಂಧನಕ್ಕೆ ಬೇರೆ ಸಿಲಿಂಡರ್ ಹೊರಬೇಕಾಗಿಲ್ಲ, ಪೆಟ್ರೋಲ್ ಬಂಕ್ ಇರುವಲ್ಲೆಲ್ಲ ಸಿಗುತ್ತದೆ. ಸ್ಪಿತಿಯ ಕಾಜಾದ ಬಂಕಂತೂ ಸುಮಾರು 3,740 ಮೀಟರ್ ಎತ್ತರದಲ್ಲಿದೆ. ಹೀಟರ್ ನೋಡಲು ಹೆಚ್ಚುಕಡಿಮೆ ಒಂದು ಶೂ ಪೆಟ್ಟಿಗೆಯಷ್ಟು. ಒಳಗೆ ಮುಚ್ಚಿದ ಉಕ್ಕು ಅಲ್ಯೂಮಿನಿಯಂಗಳ ಉರಿಕೋಣೆ. ಅದಕ್ಕೆ ಗಾಳಿ ವ್ಯಾನಿನ ಅಡಿಯಿಂದ ಒಂದು ಕೊಳವೆಯಲ್ಲಿ ಬರುತ್ತದೆ, ಹೊಗೆ ಇನ್ನೊಂದು ಕೊಳವೆಯಲ್ಲಿ ಅಡಿಗೇ ಹೋಗುತ್ತದೆ. ನಾವು ಉಸಿರಾಡುವ ಗಾಳಿ ಉರಿಕೋಣೆಯ ಹೊರಮೈಯನ್ನು ಸವರಿಕೊಂಡು ಬಿಸಿಯಾಗಿ ಬರುತ್ತದೆಯೇ ಹೊರತು ಉರಿಯನ್ನು ಮುಟ್ಟುವುದಿಲ್ಲ. ಉರಿಗೆ ಅದರ ಉಸಿರು, ನಮಗೆ ನಮ್ಮದು. ನನ್ನ ಹೆಂಡತಿಯ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟ ಮೊದಲ ಯಂತ್ರ ಇದು.

ಎರಡು ಕಿಲೋವ್ಯಾಟಿನ ಹೀಟರ್ ಗಂಟೆಗೆ ಕನಿಷ್ಠ 100 ಮಿಲಿಲೀಟರಿನಿಂದ ಗರಿಷ್ಠ ಕಾಲು ಲೀಟರಿನ ತನಕ ಡೀಸೆಲ್ ಕುಡಿಯುತ್ತದೆ. ಫೋಮ್ ಹೊದಿಸಿದ ವ್ಯಾನಿನಲ್ಲಿ ಹತ್ತು ಗಂಟೆಯ ರಾತ್ರಿಗೆ ಒಂದೂವರೆ ಲೀಟರ್ ಎಂದು ಹಿಡಿಯಬಹುದು. ಹೊತ್ತಿಕೊಳ್ಳುವಾಗ ಡೀಸೆಲಿಗೆ ಕಿಡಿ ಕೊಡುವ ಕಾದ ಕಡ್ಡಿ, ಅಂದರೆ ಗ್ಲೋ ಪ್ಲಗ್, ಕೆಲವು ನಿಮಿಷ 12 ವೋಲ್ಟಿನಲ್ಲಿ ಎಂಟು ಹತ್ತು ಆಂಪಿಯರ್ ಎಳೆಯುತ್ತದೆ. ಆಮೇಲೆ ಫ್ಯಾನು, ಪಂಪು ಸೇರಿ 20–30 ವ್ಯಾಟ್. ಆರಂಭದ ಆ ಸೆಳೆತಕ್ಕೆ ತೆಳುವಾದ ವೈರು ಹಾಕಿದರೆ ವೋಲ್ಟೇಜ್ ಕುಸಿದು ಹೀಟರ್ ಹೊತ್ತಿಕೊಳ್ಳುವುದೇ ಇಲ್ಲ. ಕೆಟ್ಟಿದೆ ಎಂದು ಜನ ವಾಪಸು ಕಳಿಸುವ ಎಷ್ಟೋ ಹೀಟರುಗಳ ರೋಗ ವೈರಿನದೇ.

ಇನ್ನು ಬ್ರಾಂಡ್. ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪೆಷರ್ ಕಂಪನಿಗಳು ಲಾರಿಗಳಿಗೂ ಇಂಥ ಹೀಟರುಗಳನ್ನು ದಶಕಗಳಿಂದ ಮಾಡಿಕೊಂಡು ಬಂದಿವೆ. ಆಟೋಟರ್ಮ್ ನಡುವಿನ ದರ್ಜೆಯದು. ಅವುಗಳ ನಕಲು ಎನ್ನಬಹುದಾದ ಚೀನಾದ ಹೀಟರುಗಳು ಆನ್‌ಲೈನ್‌ನಲ್ಲಿ ಹಲವು ಪಟ್ಟು ಅಗ್ಗ. ಅಗ್ಗ ಎಂದ ಮಾತ್ರಕ್ಕೆ ಅವೆಲ್ಲ ಕಸ ಎನ್ನುವವನಲ್ಲ ನಾನು. ಮೂಲ ವಿನ್ಯಾಸ ಒಂದೇ, ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಬಿಚ್ಚಿ ಜೋಡಿಸುವುದನ್ನು ಯಾರಾದರೂ ಕಲಿಯಬಹುದು. ಆದರೆ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಂಬಬೇಡಿ. "8 ಕಿಲೋವ್ಯಾಟ್" ಎಂದು ಬರೆದಿರುವ ಹೀಟರಿನ ಡೀಸೆಲ್ ಪಂಪನ್ನು ತಿರುಗಿಸಿ ನೋಡಿ. ಸಾವಿರ ಬಡಿತಕ್ಕೆ 22 ಮಿಲಿಲೀಟರ್ ಎಂಬ ಗುರುತು ಸಾಮಾನ್ಯ. ಸೆಕೆಂಡಿಗೆ ಐದು ಬಡಿತದಂತೆ ಓಡಿದರೂ ಗಂಟೆಗೆ ಹೋಗುವುದು 400 ಮಿಲಿಲೀಟರಿಗೂ ಕಡಿಮೆ. ಒಂದು ಲೀಟರ್ ಡೀಸೆಲಿನಲ್ಲಿ ಇರುವುದೇ ಸುಮಾರು ಹತ್ತು ಕಿಲೋವ್ಯಾಟ್ ಗಂಟೆಯ ಶಕ್ತಿ. ಹಾಗಾಗಿ ಒಳಗೆ ಹೋಗುವುದೇ ನಾಲ್ಕು ಕಿಲೋವ್ಯಾಟ್, ಹೊಗೆಯ ಜತೆ ಹೋದದ್ದನ್ನು ಕಳೆದರೆ ಕೈಗೆ ಬರುವುದು ಮೂರರ ಸುತ್ತ. ಎಂಟು ಎಲ್ಲಿಂದ ಬರಬೇಕು?

ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎನ್ನುವ ಯೋಚನೆಯೂ ಇಲ್ಲಿ ಕೈಕೊಡುತ್ತದೆ. ಬೇಕಾದ್ದಕ್ಕಿಂತ ದೊಡ್ಡ ಹೀಟರ್ ಇಡೀ ರಾತ್ರಿ ಕನಿಷ್ಠ ಉರಿಯಲ್ಲೇ ಮುಕ್ಕರಿಯುತ್ತದೆ, ಉರಿಕೋಣೆ ಸರಿಯಾಗಿ ಕಾಯದೆ ಮಸಿ ಕಟ್ಟುತ್ತದೆ. ಟ್ರಾವೆಲರಿನ ಗಾತ್ರಕ್ಕೆ, ಫೋಮ್ ಹಾಕಿದ ಮೇಲೆ, ಎರಡು ಕಿಲೋವ್ಯಾಟ್ ತಕ್ಕದ್ದು. ಚೀನಾದ್ದನ್ನೇ ಕೊಳ್ಳುವುದಾದರೂ "2 ಕಿಲೋವ್ಯಾಟ್" ಎಂದು ಬರೆದ ಚಿಕ್ಕದನ್ನು ಹುಡುಕಿ. ವಾಹನದೊಳಗಿನ ಹೀಟರುಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ನಿಯಮ ಆರ್122ರ ಅನುಮೋದನೆ ಗುರುತು ತಗಡಿನ ಮೇಲಿದ್ದರೆ ಆರಿಸುವಾಗ ಒಂದು ಅಂಕ ಹೆಚ್ಚು ಕೊಡಿ.

ಎತ್ತರವೆಂಬ ತಕರಾರು

ಯುರೋಪಿನವರು ಬರೆದ ಹೋಲಿಕೆಗಳನ್ನು ಓದಿ ಹೀಟರ್ ಕೊಳ್ಳುವ ನಮ್ಮವರು ಜಾರಿ ಬೀಳುವುದು ಇಲ್ಲಿ. ಅವರ ರಸ್ತೆಗಳು ಆಲ್ಪ್ಸ್‌ನಲ್ಲೂ ಮೂರು ಸಾವಿರ ಮೀಟರ್ ಮುಟ್ಟುವುದು ಅಪರೂಪ. ಅದಕ್ಕೆ ತಕ್ಕಂತೆ ಹಲವು ಹೀಟರುಗಳ ಕೈಪಿಡಿಯಲ್ಲಿ 1,500 ಅಥವಾ 2,200 ಮೀಟರ್ ಎಂಬ ಮಿತಿ ಇರುತ್ತದೆ. 2,200 ಮೀಟರ್ ಮಿತಿಯದಕ್ಕೆ ಮನಾಲಿಯಲ್ಲಿ, ಶಿಮ್ಲಾದಲ್ಲಿ ಹೆಚ್ಚು ತೊಂದರೆಯಿಲ್ಲ. ಮನಾಲಿಯಾಚೆಯ ಅಟಲ್ ಸುರಂಗ ದಾಟಿದ ಮೇಲೆ ಕಥೆ ಬೇರೆ. 3,500 ಮೀಟರಿನ ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 65. ನಾಲ್ಕೂವರೆ ಸಾವಿರ ಮೀಟರಿನಲ್ಲಿ ಶೇ 57. ಪಂಪು ಮಾತ್ರ ಕೆಳಗೆ ಕುಡಿಸಿದಷ್ಟೇ ಡೀಸೆಲನ್ನು ಕುಡಿಸುತ್ತಿರುತ್ತದೆ. ಸಾಕಷ್ಟು ಗಾಳಿ ಸಿಗದೆ ಡೀಸೆಲ್ ಅರ್ಧ ಬೆಂದು ಮಸಿಯಾಗುತ್ತದೆ. ಮಸಿ ಗ್ಲೋ ಪ್ಲಗ್ಗಿನ ಸುತ್ತಲಿನ ಜಾಲರಿಯನ್ನು ಮುಚ್ಚುತ್ತದೆ. ಮರುದಿನ ಬರಿಯ ಬಿಳಿ ಹೊಗೆ, ಉರಿ ಇಲ್ಲ.

ನಮ್ಮ ಮೊದಲ ಹೀಟರ್ ಹೀಗೆ ಕಾಜಾದಲ್ಲಿ ಮೂರನೆಯ ರಾತ್ರಿ ಬಾಯಿ ಮುಚ್ಚಿತು. ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಕಂಬಳಿಯ ಮೇಲೆ ಅದನ್ನು ಹರವಿಕೊಂಡು, ಜಾಲರಿ ಎಳೆದು ನೋಡಿದರೆ ದೀಪಾವಳಿಯ ಎಣ್ಣೆದೀಪದ ಬತ್ತಿಯಂತೆ ಕರ್ರಗೆ. ಬೆರಳಿನ ಮಸಿ ಹೋಗಲು ಒಂದು ವಾರ ಹಿಡಿಯಿತು.

ಹಾಗಾಗಿ ಲಡಾಖ್ ನಿಮ್ಮ ಗುರಿಯಾಗಿದ್ದರೆ ಕೇಳಬೇಕಾದ್ದು "ಎಷ್ಟು ಮೀಟರ್ ತನಕ?" ಎಂದು. ಒತ್ತಡವನ್ನು ತಾನೇ ಅಳೆದು ಡೀಸೆಲ್ ತಗ್ಗಿಸುವ ಮಾದರಿಗಳಿವೆ, ಕೆಲವಕ್ಕೆ ಎತ್ತರದ ಕಿಟ್ ಎಂದು ಬೇರೆ ಸಿಗುತ್ತದೆ. ಬರವಣಿಗೆಯಲ್ಲಿ ಮಿತಿ ಎಷ್ಟಿದೆ ಎಂದು ನೋಡಿ ಕೊಳ್ಳಿ. ಚೀನಾದ ಕೆಲವು ಹೀಟರುಗಳಲ್ಲಿ ಪಂಪಿನ ಬಡಿತವನ್ನು ಕೈಯಿಂದ ಇಳಿಸಬಹುದು. ಅದಕ್ಕೆ ಅಭ್ಯಾಸ ಬೇಕು, ಇಳಿದು ಬಂದ ಮೇಲೆ ಹಿಂದಕ್ಕೆ ತರುವುದನ್ನು ಮರೆಯಬಾರದು. ಹೀಟರಿಗೆ ಹಣ ಸುರಿಯುವುದಿದ್ದರೆ ಸುರಿಯಬೇಕಾದದ್ದು ಇಲ್ಲಿ. ಸ್ಪಿತಿಗಿಂತ ಮೇಲೆ ಹೋಗದವರಿಗೆ ಅಗ್ಗದ್ದು ನಡೆದೀತು, ಮಸಿ ಒರೆಸುವ ತಾಳ್ಮೆ ಇದ್ದರೆ. ಲಡಾಖ್‌ನ ಹಾನ್ಲೆಯಲ್ಲಿ ನಕ್ಷತ್ರ ನೋಡುತ್ತ ರಾತ್ರಿ ಕಳೆಯುವ ಕನಸಿರುವವರು ತಾನೇ ಹೊಂದಿಸಿಕೊಳ್ಳುವುದನ್ನು ಕೊಳ್ಳಬೇಕು. (ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹದ ಮೂಲಕ ನಡೆಸುತ್ತಾರೆ. ನಡುಗದೆ ಆಕಾಶ ನೋಡುವ ದಾರಿಯೂ ಇದೆ ಎಂದು ಅದನ್ನು ಕೇಳಿದಾಗಲೆಲ್ಲ ನನ್ನ ಹೆಂಡತಿ ನೆನಪಿಸುತ್ತಾಳೆ.)

ಡೀಸೆಲಿಗೂ ಚಳಿಯಾಗುತ್ತದೆ. ಬಯಲುಸೀಮೆಯಲ್ಲಿ ತುಂಬಿಸಿಕೊಂಡ ಡೀಸೆಲಿನೊಳಗಿನ ಮೇಣ ಹೆಪ್ಪುಗಟ್ಟಿ ಫಿಲ್ಟರನ್ನು ಕಟ್ಟುತ್ತದೆ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗೆಂದು ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಬಿಡುಗಡೆ ಮಾಡಿತು. ನವೆಂಬರ್ ದಾಟಿ ಹೋಗುವವರು ಮೇಲೆ ತಲುಪಿದ ಕೂಡಲೇ ಅದನ್ನು ಕೇಳಿ ತುಂಬಿಸಿಕೊಳ್ಳಬೇಕು. ಹೀಟರಿಗೆ ಬೇರೆಯದೇ ಚಿಕ್ಕ ಟ್ಯಾಂಕ್ ಇದ್ದರೆ ಅದರಲ್ಲಿರುವ ಹಳೆಯ ಡೀಸೆಲನ್ನೂ ಮರೆಯದೆ ಬದಲಿಸಬೇಕು.

ಗ್ಯಾಸ್: ಅಲ್ಲಿಗೆ ಸರಿ, ಇಲ್ಲಿಗೆ ಕಷ್ಟ

ಮೇಲೆ ಬೈದದ್ದು ಬಾಯಿ ತೆರೆದ ಗ್ಯಾಸ್ ಹೀಟರನ್ನು. ಡೀಸೆಲ್ ಹೀಟರಿನಂತೆಯೇ ಉರಿಕೋಣೆ ಮುಚ್ಚಿರುವ ಗ್ಯಾಸ್ ಹೀಟರುಗಳ ಜಾತಿ ಬೇರೆ. ಜರ್ಮನಿಯ ಟ್ರೂಮಾ, ಬ್ರಿಟನ್ನಿನ ಪ್ರೊಪೆಕ್ಸ್ ಹೆಸರಾದವು. ಸದ್ದು ಕಡಿಮೆ, ವಾಸನೆ ಇಲ್ಲ, ಮಸಿ ಇಲ್ಲ. ಪ್ರೊಪೆಕ್ಸ್‌ನ 1.9 ಕಿಲೋವ್ಯಾಟಿನ ಮಾದರಿ ಪೂರ್ತಿ ಉರಿದರೆ ಗಂಟೆಗೆ 142 ಗ್ರಾಂ ಗ್ಯಾಸ್ ಸಾಕು. ಟ್ರೂಮಾದ ಕಾಂಬಿ ಗಾಳಿಯ ಜತೆಗೆ ಹತ್ತು ಲೀಟರ್ ನೀರನ್ನೂ ಕಾಯಿಸಿ ಕೊಡುತ್ತದೆ. ಎಣ್ಣೆಸ್ನಾನಕ್ಕೆ ಸಾಲದು, ತಲೆಗೆ ಎರಡು ಚೊಂಬು ಹುಯ್ದುಕೊಳ್ಳಲು ಸಾಕು. ಮ್ಯೂನಿಕ್‌ನಲ್ಲೋ ಲಂಡನ್‌ನಲ್ಲೋ ಇರುವ ನಮ್ಮವರು ರಜೆಗೆ ಬಾಡಿಗೆ ಪಡೆಯುವ ಕ್ಯಾಂಪರ್‌ವ್ಯಾನ್‌ಗಳಲ್ಲಿ ಇದೇ ಇದ್ದರೆ ಅಂಜಬೇಕಾಗಿಲ್ಲ. ಅಲ್ಲಿ ಚಳಿಗಾಲಕ್ಕೆ ಪ್ರೊಪೇನ್ ತುಂಬಿದ ಸಿಲಿಂಡರ್ ಸಿಗುತ್ತದೆ, ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ.

ನಮ್ಮ ಅಡುಗೆ ಸಿಲಿಂಡರಿನಲ್ಲಿರುವುದು ಪ್ರೊಪೇನ್, ಬ್ಯೂಟೇನ್‌ಗಳ ಮಿಶ್ರಣ. ಬ್ಯೂಟೇನ್ ಸಮುದ್ರಮಟ್ಟದಲ್ಲಿ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಲೇಹ್‌ನ ಎತ್ತರದಲ್ಲಿ ಒತ್ತಡ ಕಡಿಮೆಯಾದ್ದರಿಂದ ಈ ಗಡಿ ಮೈನಸ್ 12ರ ಸುಮಾರಿಗೆ ಸರಿಯುತ್ತದೆ ಎಂಬುದೊಂದು ಸಣ್ಣ ಸಮಾಧಾನ. ಆದರೆ ಜನವರಿಯ ರಾತ್ರಿ ಅದನ್ನೂ ದಾಟುತ್ತದೆ. ಮೊದಲು ಪ್ರೊಪೇನ್ ಆವಿಯಾಗಿ ಹೋಗುವುದರಿಂದ ಸಿಲಿಂಡರ್ ಅರ್ಧಕ್ಕಿಳಿದಂತೆ ಉಳಿಯುವುದು ಬ್ಯೂಟೇನೇ. ಅಲ್ಲಾಡಿಸಿದರೆ ಗಳಗಳ ಎನ್ನುತ್ತದೆ, ಒಲೆ ಹತ್ತುವುದಿಲ್ಲ. ಅದನ್ನು ಬೆಂಕಿಯ ಹತ್ತಿರ ಇಟ್ಟು ಬಿಸಿಮಾಡುವ ಸಾಹಸ ಮಾತ್ರ ಬೇಡ.

ಅದಲ್ಲದೆ ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲದಲ್ಲಿ, ಮಂಚದ ಕೆಳಗೆ ನೀರಿನಂತೆ ನಿಲ್ಲುತ್ತದೆ. ಸಿಲಿಂಡರಿಗೆ ವ್ಯಾನಿನ ಒಳಭಾಗದಿಂದ ಪೂರ್ತಿ ಬೇರ್ಪಟ್ಟ, ತಳದಲ್ಲಿ ಹೊರಕ್ಕೆ ತೆರೆದ ಪೆಟ್ಟಿಗೆ ಬೇಕು. ನಮ್ಮಲ್ಲಿ ಮಾರ್ಪಡಿಸಿದ ಹೆಚ್ಚಿನ ವ್ಯಾನ್‌ಗಳಲ್ಲಿ ಸಿಲಿಂಡರ್ ಅಡುಗೆ ಕಟ್ಟೆಯ ಕೆಳಗೆ ಸುಮ್ಮನೆ ಕುಳಿತಿರುತ್ತದೆ. ಐದು ಕಿಲೋ ಸಿಲಿಂಡರ್ ಹೀಟರಿಗೆ ನಾಲ್ಕೈದು ರಾತ್ರಿ ಬರುತ್ತದೆ. ಮುಗಿದ ಮೇಲೆ ಮನಾಲಿ–ಲೇಹ್ ದಾರಿಯ ಸರ್ಚು, ಪಾಂಗ್‌ನಂಥ ಜಾಗದಲ್ಲಿ ತುಂಬಿಸಿಕೊಳ್ಳುವ ಮಾತು ಮರೆಯಬೇಕು. ಹಿಮಾಲಯಕ್ಕೆ ಹೊರಟವರು ಗ್ಯಾಸನ್ನು ಒಲೆಗಷ್ಟೇ ಇಟ್ಟುಕೊಳ್ಳಲಿ, ಹೀಟರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಕರೆಂಟು, ಸೌದೆ, ಬಿಸಿನೀರಿನ ಚೀಲ

ಕರೆಂಟಿನ ಹೀಟರಿನಷ್ಟು ನಿರಪಾಯಿ ಬೇರೊಂದಿಲ್ಲ, ಹೊಗೆಯ ಪ್ರಶ್ನೆಯೇ ಏಳುವುದಿಲ್ಲ. ತೊಡಕಿರುವುದು ಬ್ಯಾಟರಿಯಲ್ಲಿ. ನೂರು ಆಂಪಿಯರ್ ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ ಇರುವುದು 1,280 ವ್ಯಾಟ್ ಗಂಟೆ. 1,500 ವ್ಯಾಟಿನ ಹೀಟರ್ ಅದನ್ನು ಐವತ್ತು ನಿಮಿಷಕ್ಕೆ ಬರಿದು ಮಾಡುತ್ತದೆ. ಸೌರಫಲಕ ಇದೆಯಲ್ಲ ಎಂದರೆ, ಚಾವಣಿಯ ಮೇಲಿನ ಎರಡು ಮೂರು ಫಲಕಗಳು ಚಳಿಗಾಲದ ದಿನವಿಡೀ ದುಡಿದದ್ದು ಒಂದು ಗಂಟೆಯ ಬೆಚ್ಚಗಿಗೆ ಖರ್ಚು. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವಂತೆಯೂ ಇಲ್ಲ, ಹಾಳಾಗುತ್ತದೆ. ಆದ್ದರಿಂದ ಹೋಂಸ್ಟೇಯ ಅಂಗಳದಲ್ಲಿ ನಿಲ್ಲಿಸಿ, ಮಾಲೀಕರನ್ನು ಕೇಳಿ, ಹಣ ಕೊಟ್ಟು ವೈರು ಎಳೆದುಕೊಂಡ ರಾತ್ರಿಗೆ ಮಾತ್ರ ಇದು.

ಕರೆಂಟಿನಲ್ಲಿ ಜಾಣತನದ ದಾರಿ ಒಂದಿದೆ. ಗಾಳಿಯನ್ನು ಬಿಟ್ಟು ಹಾಸಿಗೆಯನ್ನು ಬಿಸಿ ಮಾಡುವುದು. 12 ವೋಲ್ಟಿನ ಎಲೆಕ್ಟ್ರಿಕ್ ಕಂಬಳಿ ಐವತ್ತು ವ್ಯಾಟ್ ಎಳೆದರೆ ಎಂಟು ಗಂಟೆಗೆ 400 ವ್ಯಾಟ್ ಗಂಟೆ, ಬ್ಯಾಟರಿಯ ಮೂರರಲ್ಲಿ ಒಂದು ಪಾಲು. ರಬ್ಬರಿನ ಬಿಸಿನೀರಿನ ಚೀಲವಂತೂ ಏನನ್ನೂ ಕೇಳುವುದಿಲ್ಲ. ಮೈನಸ್ ಐದರ ತನಕ ಇವೆರಡರಲ್ಲಿ ಮಲಗಿ ಎದ್ದ ಮೇಲೆ ಹೀಟರ್ ಹೊತ್ತಿಸುವುದು ನಮಗೆ ಅಭ್ಯಾಸವಾಗಿದೆ.

ಬುಖಾರಿ ಎಂಬ ಸೌದೆಯ ಒಲೆ ಸ್ಪಿತಿಯ ಮನೆಗಳಲ್ಲಿ ನೋಡಲು ಚೆಂದ, ಅದರ ಮುಂದೆ ಕುಳಿತು ಚಹಾ ಕುಡಿಯಲು ಇನ್ನೂ ಚೆಂದ. ವ್ಯಾನಿನಲ್ಲಿ ಅದಕ್ಕೆ ಜಾಗವಿಲ್ಲ, ಮರಗಳೇ ಇಲ್ಲದ ನಾಡಿನಲ್ಲಿ ಸೌದೆಯೂ ಇಲ್ಲ.

ಕೂರಿಸುವವರ ಕೈ

ಒಳ್ಳೆಯ ಹೀಟರನ್ನು ಕೆಟ್ಟದಾಗಿ ಕೂರಿಸಿದರೆ ಅದೂ ಕೆಂಪು ಜಾಲರಿಯ ಹೀಟರೇ. ಹೊಗೆಕೊಳವೆ ವ್ಯಾನಿನ ಅಡಿಯಲ್ಲೇ ಮುಗಿಯಬಾರದು. ಗಾಡಿ ನಿಂತಾಗ ಹೊಗೆ ಅಲ್ಲೇ ಸುತ್ತಿ, ನೆಲದ ತೂತುಗಳಿಂದ ಒಳಕ್ಕೆ ಏರುತ್ತದೆ. ಬದಿಯ ಅಂಚಿನ ತನಕ ಎಳೆದು, ಕಿಟಕಿಯ ಕೆಳಗೆ ಬಾರದಂತೆ ಹೊರಕ್ಕೆ ತಿರುಗಿಸಬೇಕು. ಹೊಗೆಕೊಳವೆಯ ಒಂದು ಕೀಲೂ ವ್ಯಾನಿನ ಒಳಗೆ ಇರಕೂಡದು. ಉರಿಗೆ ಗಾಳಿ ಎಳೆಯುವ ಕೊಳವೆಯ ಬಾಯಿ ಹೊಗೆಯಿಂದ ದೂರ, ಬೇರೆ ದಿಕ್ಕಿಗೆ. ಕೊಳವೆಯಲ್ಲಿ ನೀರು ನಿಲ್ಲದಂತೆ ಇಳಿಜಾರು. ಹಿಮ ಬಿದ್ದ ರಾತ್ರಿ ಕೊಳವೆಯ ಬಾಯಿ ಮುಚ್ಚಿದೆಯೇ ಎಂದು ಇಳಿದು ನೋಡುವ ಕೆಲಸ ಯಾರದೆಂದು ಮೊದಲೇ ತೀರ್ಮಾನಿಸಿಕೊಳ್ಳಿ, ಆ ಹೊತ್ತಿನಲ್ಲಿ ಜಗಳ ಬೇಡ. ಹೀಟರ್ ನಿಲ್ಲಿಸುವಾಗ ಸ್ವಿಚ್ಚಿನಿಂದ ನಿಲ್ಲಿಸಿ, ಉರಿಕೋಣೆ ತಣ್ಣಗಾಗುವ ತನಕ ಫ್ಯಾನ್ ಓಡಲು ಬಿಡಬೇಕು. ಬ್ಯಾಟರಿಯ ವೈರನ್ನೇ ಕಿತ್ತರೆ ಒಳಗಿನ ಭಾಗಗಳು ಬೆಂದುಹೋಗುತ್ತವೆ. ನೆಲಕ್ಕೆ ತೂತು ಕೊರೆಯುವ ಮೊದಲು ಆರ್‌ಟಿಓ ಅನುಮತಿಯಲ್ಲಿ, ವಿಮೆಯ ಕಾಗದದಲ್ಲಿ ಈ ಮಾರ್ಪಾಡಿಗೆ ಜಾಗವಿದೆಯೇ ಎಂದೂ ನೋಡಿಕೊಳ್ಳಿ.

ಯಾವ ಹೀಟರ್ ಆದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಬೇಡ. ಕೊಳ್ಳುವಾಗ ಇಎನ್ 50291-2 ಎಂಬ ಗುರುತು ಹುಡುಕಿ. ಅದು ಕ್ಯಾಂಪರ್‌ವ್ಯಾನ್, ದೋಣಿಗಳಂಥವುಗಳ ಕುಲುಕಾಟಕ್ಕೆಂದು ರೂಪಿಸಿದ ಮಾನದಂಡ. ಕೊನೆಯಲ್ಲಿ 1 ಎಂದಿದ್ದರೆ ಅದು ಮನೆಗೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ ಕಾರ್ಬನ್ ಮಾನಾಕ್ಸೈಡ್ ಇದ್ದರೆ ಅದು ಮೂರು ನಿಮಿಷದೊಳಗೆ ಕೂಗುತ್ತದೆ, 50 ಭಾಗವಿದ್ದರೆ ಒಂದರಿಂದ ಒಂದೂವರೆ ಗಂಟೆಯೊಳಗೆ. ದಿಂಬಿನ ಎತ್ತರಕ್ಕೆ, ಬಿಸಿಗಾಳಿ ನೇರ ಬಡಿಯದ ಕಡೆ ಹಾಕಿ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಅದರ ಜಾಗ ನೆಲದ ಹತ್ತಿರ. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಒಂದಲ್ಲ ಒಂದು ತಪ್ಪು ಜಾಗದಲ್ಲಿರುತ್ತದೆ. ಎತ್ತರದಲ್ಲಿ ತಲೆನೋವು ಬಂದಾಗ ಮೊದಲು ಬಾಗಿಲು ತೆರೆದು ಹೊರಗೆ ನಿಂತುಕೊಳ್ಳಿ, ಮಾತ್ರೆಯ ಡಬ್ಬಿ ಆಮೇಲೆ.

ನಾವು ಈಗ ಇಟ್ಟುಕೊಂಡಿರುವುದು ಎತ್ತರಕ್ಕೆ ತಾನೇ ಹೊಂದಿಕೊಳ್ಳುವ ಎರಡು ಕಿಲೋವ್ಯಾಟಿನ ಡೀಸೆಲ್ ಹೀಟರ್, ಒಂದು ಎಲೆಕ್ಟ್ರಿಕ್ ಕಂಬಳಿ, ಎರಡು ಬಿಸಿನೀರಿನ ಚೀಲ, ಎರಡು ಅಲಾರಂ. ಡಬ್ಬಿಯೊಂದರಲ್ಲಿ ಹೆಚ್ಚುವರಿ ಗ್ಲೋ ಪ್ಲಗ್, ಜಾಲರಿ, ಗ್ಯಾಸ್ಕೆಟ್, ಇಂಧನ ಫಿಲ್ಟರ್, ಫ್ಯೂಸ್, ಹಳೆಯ ಹಲ್ಲುಜ್ಜುವ ಬ್ರಷ್. ಹೊರಡುವ ಮೊದಲು ಮನೆಯ ಮುಂದೆಯೇ ಹೀಟರನ್ನು ಒಂದು ಗಂಟೆ ಪೂರ್ತಿ ಉರಿಸಿ, ಅಲಾರಂ ಸುಮ್ಮನಿದೆಯೇ ಎಂದು ನೋಡುತ್ತೇವೆ. ಸೆಪ್ಟೆಂಬರ್‌ನ ಹುಬ್ಬಳ್ಳಿಯ ಸೆಕೆಯಲ್ಲಿ ವ್ಯಾನಿನ ಅಡಿಯಿಂದ ಬಿಸಿ ಹೊಗೆ ಬರುವುದನ್ನು ಕಂಡ ಎದುರುಮನೆಯ ಕಾಕಾ ಪ್ರತಿ ವರ್ಷವೂ ಗೇಟಿನ ತನಕ ಬಂದು ಕೇಳುತ್ತಾರೆ, "ತಮ್ಮಾ, ಎಂಜಿನ್ ಸುಡುತ್ತಿದೆಯಲ್ಲ?" ಎಂದು. ಇಲ್ಲ ಕಾಕಾ, ಹೀಟರ್ ಎಂದರೆ ಅವರು ಆಕಾಶ ನೋಡುತ್ತಾರೆ.